ಟೀಬಿ ಟೆಸ್ಟು ನಂಬರ್ ಒನ್, ಬೀಡಿ ಬಿಡಿಸೋ ಕೆಲಸ ಮಾತ್ರ ಅರ್ಧಂಬರ್ಧ: ನಮ್ಮ ಕರಾವಳಿ ಸರ್ಕಾರಿ ಆಸ್ಪತ್ರೆ ಅನುಭವ

ಮೊದ್ಲೇ ಹೇಳಿಬಿಡ್ತೀನಿ, ಉತ್ತರ ಕನ್ನಡದಲ್ಲಿ ಯಾರಿಗಾದ್ರೂ ಎರಡು ವಾರ ದಾಟಿದ ಕೆಮ್ಮಿದ್ರೆ ಕ್ಲಿನಿಕ್ಕಿಂದ ಕ್ಲಿನಿಕ್ಕಿಗೆ ತಿರುಗೋದು ಬಿಟ್ಟು ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಿ. ಟೆಸ್ಟಿಗೆ ನನ್ನ ಕಡೆಯಿಂದ ಐದಕ್ಕೆ ಐದು. ಆದ್ರೆ ಅದೇ ಪೇಷಂಟಿನ ಬೀಡಿ ಬಿಡಿಸೋ ವಿಷಯಕ್ಕೆ ಐದಕ್ಕೆ ಎರಡಕ್ಕಿಂತ ಮೇಲೆ ಕೊಡೋಕೆ ಮನಸ್ಸು ಬರ್ತಿಲ್ಲ, ಅದು ಯಾಕೆ ಅಂತ ಹೇಳೋಕೇ ಇಷ್ಟುದ್ದ ಬರೀತಿರೋದು. ಮೀನೂಟದ ಹೋಟೆಲು, ಹೋಂಸ್ಟೇ, ಮೊಬೈಲ್ ಅಂಗಡಿ ಎಲ್ಲದಕ್ಕೂ ಜನ ರಿವ್ಯೂ ಹಾಕ್ತಾರೆ, ಟೀಬಿ ವಿಭಾಗಕ್ಕೆ ಯಾರೂ ಹಾಕಲ್ಲ, ಅಲ್ಲಿಗೆ ಹೋಗಿದ್ದೆ ಅಂತ ಹೇಳ್ಕೊಳ್ಳೋಕೇ ಹೆದರಿಕೆ.

ಪೇಷಂಟು ನಮ್ಮ ಮಾವ, ಅಮ್ಮನ ಅಣ್ಣ. ಬೋಟಿನ ಕೆಲಸ, ಚಿಕ್ಕ ವಯಸ್ಸಿಂದ ಬೀಡಿ. ಆಸ್ಪತ್ರೆ ಹೆಸರು ಬೇಡ, ಕುಮಟಾ ಅಂಕೋಲಾ ಕಡೆ ಅಂತ ಇಟ್ಕೊಳ್ಳಿ ಸಾಕು, ಯಾಕಂದ್ರೆ ಅಲ್ಲಿ ಕೆಲಸ ಮಾಡೋರ ಮೇಲೆ ನನಗೆ ಸಿಟ್ಟಿಲ್ಲ, ವ್ಯವಸ್ಥೆ ಹೇಗಿದೆ ಅನ್ನೋದರ ಮೇಲೆ ಮಾತು.

ನಮ್ಮ ಕಡೆ ಬೀಡಿ ಸೇದೋರ ಕೆಮ್ಮು ಅಂದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಬೆಳಿಗ್ಗೆ ಎದ್ದ ಕೂಡ್ಲೇ ಖೊಕ್ ಖೊಕ್ ಅನ್ನೋದು, ಕಫ ಉಗಿಯೋದು, ಎಲ್ಲಾ ಮಾಮೂಲಿ. "ಇದು ಬೀಡಿ ಕೆಮ್ಮು ಮಾರಾಯ, ಮಳೆ ಹೋದ್ರೆ ಹೋಗ್ತದೆ" ಅಂತ ಮಾವನೂ ಅಂದ, ಅತ್ತೆನೂ ಅಂದ್ಲು, ಬೋಟಿನವರೂ ಅಂದ್ರು. ಟೀಬಿ ಅಡಗಿ ಕೂರೋದೇ ಇಲ್ಲಿ. ಸೇದದೇ ಇರೋನಿಗೆ ತಿಂಗಳುಗಟ್ಟಲೆ ಕೆಮ್ಮು ಬಂದ್ರೆ ಮನೆಯವರೇ ಎಳ್ಕೊಂಡು ಹೋಗ್ತಾರೆ, ಸೇದೋನಿಗೆ ಬಂದ್ರೆ ಬೈದು ಸುಮ್ಮನಾಗ್ತಾರೆ. ಅವನಿಗೇ ರಿಸ್ಕು ಜಾಸ್ತಿ ಅಲ್ದಾ? ಸೇದದವರಿಗಿಂತ ಸೇದೋರಿಗೆ ಟೀಬಿ ಬರೋ ಸಾಧ್ಯತೆ ಸುಮಾರು ಎರಡರಿಂದ ಎರಡೂವರೆ ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳ್ತದೆ. ಶ್ವಾಸನಾಳದ ಒಳಗೆ ಕೊಳೆ, ಕ್ರಿಮಿ ಎಲ್ಲಾ ಮೇಲಕ್ಕೆ ತಳ್ಳೋ ಸಣ್ಣ ಸಣ್ಣ ರೋಮ ಇರ್ತಾವೆ, ಹೊಗೆಯಿಂದ ಅವು ಸೋತು ಹೋಗ್ತಾವೆ, ಶ್ವಾಸಕೋಶದಲ್ಲಿ ಕ್ರಿಮಿ ತಿನ್ನೋ ಜೀವಕೋಶಗಳೂ ಮಂಕಾಗ್ತಾವೆ, ಆಮೇಲೆ ಟೀಬಿ ಕ್ರಿಮಿಗೆ ಬಾಗಿಲು ತೆಗೆದಿಟ್ಟ ಹಾಗೇ. ಬೀಡಿ ಎಲೆದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅನ್ನೋ ನಂಬಿಕೆ ನಮ್ಮೂರಲ್ಲಿ ಇನ್ನೂ ಇದೆ, ಅದು ಶುದ್ಧ ಸುಳ್ಳು.

ಮಾವ ಮೊದ್ಲು ಹೋಗಿದ್ದು ಒಂದು ಪ್ರೈವೇಟ್ ಕ್ಲಿನಿಕ್ಕಿಗೆ. ಸಿರಪ್ ಕೊಟ್ರು, ಕಮ್ಮಿ ಆಗ್ಲಿಲ್ಲ, ಆಂಟಿಬಯೋಟಿಕ್ ಕೊಟ್ರು, ಸ್ವಲ್ಪ ಆರಾಮಾದ ಹಾಗೆ ಆಯ್ತು, ಮತ್ತೆ ಶುರು. ಕಫ ಪರೀಕ್ಷೆ ಮಾಡ್ಸಿ ಅಂತ ಒಂದು ಮಾತು ಬರ್ಲಿಲ್ಲ. ಇಲ್ಲಿ ಒಂದು ವಿಷಯ ಎಲ್ಲರೂ ತಿಳ್ಕೊಳ್ಳಿ, ಲಿವೋಫ್ಲಾಕ್ಸಾಸಿನ್ ತರದ ಕೆಲವು ಆಂಟಿಬಯೋಟಿಕ್ ಟೀಬಿ ಕ್ರಿಮಿಯನ್ನೂ ಸ್ವಲ್ಪ ದಿನ ತಗ್ಗಿಸ್ತಾವೆ, ರೋಗಿಗೆ ಗುಣ ಆಯ್ತು ಅನ್ಸುತ್ತೆ, ಗುಣ ಆಗಿರಲ್ಲ, ಟೆಸ್ಟ್ ಅಷ್ಟು ಲೇಟಾಗ್ತದೆ. ಅಷ್ಟರಲ್ಲಿ ಮಾವನ ಕೆನ್ನೆ ಒಳಗೆ ಹೋಗಿತ್ತು, ಸಂಜೆಯಾದ್ರೆ ಮೈ ಬಿಸಿ, ರಾತ್ರಿ ಬನಿಯನ್ ಒದ್ದೆ ಆಗೋಷ್ಟು ಬೆವರು, ಊಟ ಸೇರ್ತಿರ್ಲಿಲ್ಲ.

ಕೊನೆಗೆ ಹಿಡಿದಿದ್ದು ಯಾರು ಗೊತ್ತಾ, ಆಶಾ ಕಾರ್ಯಕರ್ತೆ. ಮನೆ ಮನೆ ಸರ್ವೇಗೆ ಬಂದವ್ರು ಜಗಲಿ ಮೇಲೆ ಕೂತು ನಾಕೇ ಪ್ರಶ್ನೆ ಕೇಳಿದ್ರು: ಕೆಮ್ಮು ಎರಡು ವಾರ ಮೀರಿದ್ಯಾ, ಸಂಜೆ ಜ್ವರ ಬರ್ತದ್ಯಾ, ತೂಕ ಇಳಿದಿದ್ಯಾ, ರಾತ್ರಿ ಬೆವರ್ತೀರಾ. ನಾಕಕ್ಕೂ ಅತ್ತೆ ಹೌದು ಅಂದಿದ್ದು, ಮಾವ ಇಲ್ಲ ಅಂತ ತಲೆ ಆಡಿಸ್ತಾ ಇದ್ದಿದ್ದು. ಅಲ್ಲೇ ಚೀಟಿ ಬರ್ಕೊಟ್ಟು, ನಾಳೆ ಬರದೇ ಇದ್ರೆ ನಾನೇ ಬಂದು ಕರ್ಕೊಂಡು ಹೋಗ್ತೇನೆ ಅಂದ್ರು, ಹೇಳಿದ ಹಾಗೇ ಫೋನೂ ಮಾಡಿದ್ರು. ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಮ್ಮಿ ದುಡ್ಡಿಗೆ ಅತ್ಯಂತ ದೊಡ್ಡ ಕೆಲಸ ಮಾಡ್ತಿರೋದು ಅವ್ರು. ಅವ್ರಿಗೆ ಎಷ್ಟು ಸ್ಟಾರ್ ಕೊಟ್ರೂ ಕಮ್ಮಿನೇ.

ಈಗ ಟೆಸ್ಟಿನ ವಿಷಯ. ಓಪಿಡಿ ಚೀಟಿ ಮಾಡ್ಸಿದ್ಮೇಲೆ ಡಾಕ್ಟ್ರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಎಕ್ಸ್‌ರೇ ಮತ್ತು ಕಫ ಎರಡೂ ಬರ್ದ್ರು. ಲ್ಯಾಬಿನ ಹುಡುಗಿ ಕ್ಯಾಪ್ ಇರೋ ಪ್ಲಾಸ್ಟಿಕ್ ಟ್ಯೂಬ್ ಕೈಗೆ ಕೊಟ್ಟು, ಹೇಗೆ ಕೊಡ್ಬೇಕು ಅಂತ ನಿಧಾನಕ್ಕೆ ಹೇಳ್ಕೊಟ್ರು, ಇದು ನನಗೆ ಬಹಳ ಇಷ್ಟ ಆಯ್ತು. ಬಾಯಿ ನೀರಲ್ಲಿ ಮುಕ್ಕಳಿಸಿ, ಎರಡು ಮೂರು ಸಲ ಉದ್ದ ಉಸಿರು ಎಳ್ಕೊಂಡು, ಹೊಟ್ಟೆಯಿಂದ ಕೆಮ್ಮಿ ತೆಗೀಬೇಕು, ಬರೀ ಎಂಜಲು ಉಗಿದ್ರೆ ಟೆಸ್ಟೇ ಹಾಳು. ಒಂದು ಸ್ಯಾಂಪಲ್ ಅಲ್ಲೇ ಆಗ, ಇನ್ನೊಂದು ಮರುದಿನ ಬೆಳಿಗ್ಗೆ ಎದ್ದ ಕೂಡ್ಲೇ ಮನೆಯಲ್ಲಿ. ಕೊಡೋ ಜಾಗ ಕಟ್ಟಡದ ಹಿಂದೆ ಬಯಲಲ್ಲಿ, ಗಾಳಿ ಬೆಳಕು ಇರೋ ಕಡೆ, ಅದೂ ಸರಿಯಾದ ಕ್ರಮವೇ, ಮುಚ್ಚಿದ ರೂಮಲ್ಲಿ ಕೆಮ್ಮಿದ್ರೆ ಬೇರೆಯವರಿಗೆ ಹರಡ್ತದೆ.

ಹಿಂದೆ ಕಫವನ್ನ ಮೈಕ್ರೋಸ್ಕೋಪಲ್ಲಿ ಕಣ್ಣಿಟ್ಟು ಹುಡುಕ್ತಿದ್ರು, ಕ್ರಿಮಿ ಕಮ್ಮಿ ಇದ್ರೆ ಸಿಗ್ತಾನೇ ಇರ್ಲಿಲ್ಲ. ಈಗ ಸೀಬಿನ್ಯಾಟ್, ಟ್ರೂನ್ಯಾಟ್ ಅನ್ನೋ ಮಷೀನುಗಳು, ಕ್ರಿಮಿಯ ಡಿಎನ್‌ಎಯನ್ನೇ ಹಿಡಿತಾವೆ, ಮಷೀನಿನ ಕೆಲಸ ಒಂದೆರಡು ಗಂಟೆದು ಅಷ್ಟೇ, ಜೊತೆಗೆ ರಿಫಾಂಪಿಸಿನ್ ಅನ್ನೋ ಮುಖ್ಯ ಔಷಧಿಗೆ ಕ್ರಿಮಿ ಬಗ್ಗುತ್ತಾ ಇಲ್ವಾ ಅನ್ನೋದೂ ಗೊತ್ತಾಗ್ತದೆ. ಈ ಟ್ರೂನ್ಯಾಟ್ ಮಾಡೋ ಕಂಪನಿ ನಮ್ಮ ಪಕ್ಕದ ಗೋವಾದ್ದು, ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದ್ರೆ ಅವರ ರಾಜ್ಯ. ಬ್ಯಾಟರಿಯಲ್ಲೂ ನಡೀತದೆ, ಎಸಿ ರೂಮು ಬೇಕಂತಿಲ್ಲ, ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗೋ ಪರಿ ನೋಡಿದ್ರೆ ಇಂಥದ್ದೇ ಬೇಕು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿಗೆ ಕೊಟ್ಟಿದೆ. ಹೊರಗೆ ಪ್ರೈವೇಟಲ್ಲಿ ಈ ತರದ ಟೆಸ್ಟಿಗೆ ಸಾವಿರಗಟ್ಟಲೆ ಕೀಳ್ತಾರೆ, ಇಲ್ಲಿ ಒಂದು ರೂಪಾಯಿ ಇಲ್ಲ. ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಯ ಜನ ಎಷ್ಟು ಕೂಗಿದ್ದೇವೆ, ಹಾರ್ಟಿಗೆ ತಲೆಗೆ ಏಟಾದ್ರೆ ಇವತ್ತೂ ಮಣಿಪಾಲ ಮಂಗಳೂರು ಹುಬ್ಬಳ್ಳಿ ಅಂತ ಆಂಬುಲೆನ್ಸಲ್ಲಿ ಓಡ್ಬೇಕು, ಆ ಸಂಕಟ ಬೇರೆ. ಆದ್ರೆ ಟೀಬಿಗೆ ಮಾತ್ರ ಎಲ್ಲಿಗೂ ಓಡೋದು ಬೇಡ, ಒಳ್ಳೆ ಟೆಸ್ಟು ತಾಲೂಕಲ್ಲೇ ಇದೆ, ಇದು ಜನಕ್ಕೆ ಗೊತ್ತಾಗ್ಬೇಕು.

ರಿಸಲ್ಟು ಪಾಸಿಟಿವ್. ಔಷಧಿಗೆ ಬಗ್ಗೋ ಜಾತಿಯ ಕ್ರಿಮಿನೇ ಅಂತ ಗೊತ್ತಾದಾಗ ಉಸಿರು ಬಂತು. ಅವತ್ತೇ ನಿಕ್ಷಯ್ ಅನ್ನೋ, ಟೀಬಿ ಪೇಷಂಟುಗಳ ಲೆಕ್ಕ ಇಡೋ ಸರ್ಕಾರಿ ಪೋರ್ಟಲಲ್ಲಿ ಹೆಸರು ಹಾಕಿ ಐಡಿ ಕೊಟ್ರು, ತೂಕ ನೋಡಿ ಎಷ್ಟು ಮಾತ್ರೆ ಅಂತ ಲೆಕ್ಕ ಮಾಡಿದ್ರು, ಶುಗರ್ ಮತ್ತು ಎಚ್‌ಐವಿ ಟೆಸ್ಟೂ ಮಾಡಿದ್ರು, ಎಲ್ಲಾ ಟೀಬಿ ಪೇಷಂಟಿಗೂ ಮಾಡ್ತಾರೆ, ಗಾಬರಿ ಬೀಳ್ಬೇಡಿ. ಮಾತ್ರೆ ದಿನಾ, ಒಟ್ಟು ಆರು ತಿಂಗಳು, ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ್ದು, ಆಮೇಲೆ ನಾಲ್ಕು ತಿಂಗಳು ಮೂರು ಸೇರಿದ್ದು. ಮೂತ್ರ ಕಿತ್ತಳೆ ಬಣ್ಣಕ್ಕೆ ಬರ್ತದೆ ಹೆದರ್ಬೇಡಿ ಅಂತ ಟೀಬಿ ವಿಭಾಗದ ಸೂಪರ್‌ವೈಸರ್ ಮೊದ್ಲೇ ಹೇಳಿಟ್ಟಿದ್ದು ಒಳ್ಳೇದಾಯ್ತು, ಇಲ್ಲಾಂದ್ರೆ ಮಾವ ಮಾರನೇ ದಿನವೇ ಮಾತ್ರೆ ನಿಲ್ಲಿಸ್ತಿದ್ದ. ಮನೆಯವರಿಗೆಲ್ಲಾ ತಪಾಸಣೆ ಆಯ್ತು, ಐದು ವರ್ಷದ ಒಳಗಿನ ಮೊಮ್ಮಗನಿಗೆ ರೋಗ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಮುಂದೆ ಬರದ ಹಾಗೆ ತಡೆಯೋ ಔಷಧಿ ಶುರು ಮಾಡಿದ್ರು.

ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ ದುಡ್ಡೂ ಕೊಡ್ತದೆ, 2018ರಲ್ಲಿ ತಿಂಗಳಿಗೆ 500 ಇದ್ದಿದ್ದು 2024ರ ನವೆಂಬರಿಂದ 1000 ಆಗಿದೆ, ಎರಡು ಕಂತಲ್ಲಿ ಮೂರು ಮೂರು ಸಾವಿರ ಅಕೌಂಟಿಗೆ. ಮಾವನ ಅಕೌಂಟಿಗೆ ಆಧಾರ್ ಲಿಂಕ್ ಆಗಿರ್ಲಿಲ್ಲ ಅಂತ ಸಿಕ್ಕಾಪಟ್ಟೆ ಲೇಟಾಯ್ತು, ಬ್ಯಾಂಕಿನವ್ರು ಆಸ್ಪತ್ರೆ ಕಡೆ ಕೈ ತೋರಿಸೋದು, ಆಸ್ಪತ್ರೆಯವ್ರು ಬ್ಯಾಂಕ್ ಕಡೆ. ಮೊಟ್ಟೆ ಹಾಲು ಬೇಕಾಗೋದು ಮಾತ್ರೆ ಶುರುವಾದಾಗ, ಆಮೇಲೆ ಬಂದ್ರೆ ಎಂತಕ್ಕೆ?

ಇಲ್ಲಿವರೆಗೆ ಎಲ್ಲಾ ಚೆನ್ನಾಗೇ ಇತ್ತು. ಈಗ ಬೀಡಿ ವಿಷಯಕ್ಕೆ ಬರ್ತೀನಿ.

ಟೀಬಿ ಚಿಕಿತ್ಸೆಯ ಕಾರ್ಡ್ ತುಂಬುವಾಗ "ಬೀಡಿ ಸಿಗರೇಟು ಉಂಟಾ?" ಅಂತ ಕೇಳಿದ್ರು. ಮಾವ "ಹೌದು" ಅಂದ. "ಬಿಡ್ಬೇಕು ಹಾಂ" ಅಂದು ಒಂದು ಟಿಕ್ ಹಾಕಿ ಮುಂದಿನ ಕಾಲಂಗೆ ಹೋದ್ರು. ಅಷ್ಟೇ ಮಾರಾಯ್ರೆ. ಹೇಗೆ ಬಿಡೋದು, ಬಿಟ್ರೆ ಕೈ ನಡುಗಿದ್ರೆ ಎಂತ ಮಾಡೋದು, ನಿಕೋಟಿನ್ ಗಮ್ ಸಿಗುತ್ತಾ, ಮುಂದಿನ ಸಲ ಬಂದಾಗ ಯಾರು ವಿಚಾರಿಸ್ತಾರೆ, ಯಾವುದೂ ಇಲ್ಲ. ಮಾತ್ರೆ ತಗೊಂಡ್ರಾ ಅಂತ ಫೋನ್ ಮಾಡಿ ಕೇಳ್ತಾರೆ, ಬೀಡಿ ಬಿಟ್ರಾ ಅಂತ ಒಬ್ರೂ ಕೇಳ್ಲಿಲ್ಲ. ಟೀಬಿ ಕಾರ್ಯಕ್ರಮ ಮತ್ತು ತಂಬಾಕು ನಿಯಂತ್ರಣ ಕಾರ್ಯಕ್ರಮ ಎರಡೂ ಸೇರಿ ಕೆಲಸ ಮಾಡ್ಬೇಕು ಅಂತ 2017ರಲ್ಲೇ ಕೇಂದ್ರ ಸರ್ಕಾರ ಜಂಟಿ ಮಾರ್ಗಸೂಚಿ ತಂದಿದೆ, ಟೀಬಿ ಪೇಷಂಟು ಪ್ರತಿಯೊಬ್ಬರಿಗೂ ತಂಬಾಕಿನ ಬಗ್ಗೆ ಕೇಳಿ ಸಲಹೆ ಕೊಡ್ಬೇಕು, ಬಿಡೋಕೆ ಸಹಾಯ ಮಾಡೋ ಕಡೆ ಕಳಿಸ್ಬೇಕು ಅನ್ನೋದು ಅದರ ತಿರುಳು. ಕಾಗದದಲ್ಲಿ ಇದ್ದಿದ್ದು ಟೇಬಲ್ಲಿಗೆ ಬರುವಾಗ ಒಂದು ಟಿಕ್ ಮಾರ್ಕಾಗಿ ಹೋಗಿದೆ.

ಇದು ಸಣ್ಣ ವಿಷಯ ಅಲ್ಲ. ಚಿಕಿತ್ಸೆ ನಡೀತಿರುವಾಗ ಸೇದ್ತಾನೇ ಇದ್ರೆ ಕಫದಲ್ಲಿ ಕ್ರಿಮಿ ಖಾಲಿ ಆಗೋದು ನಿಧಾನ, ಗುಣ ಆದ್ಮೇಲೂ ರೋಗ ತಿರುಗಿ ಬರೋ ಸಾಧ್ಯತೆ ಜಾಸ್ತಿ, ಸಾಯೋ ಅಪಾಯವೂ ಜಾಸ್ತಿ. ಅಂದ್ರೆ ಸರ್ಕಾರ ಅಷ್ಟು ಖರ್ಚು ಮಾಡಿ ಮಷೀನು ಮಾತ್ರೆ ದುಡ್ಡು ಎಲ್ಲಾ ಕೊಟ್ಟು ಒಂದು ಕಡೆಯಿಂದ ದೋಣಿ ನೀರು ಮೊಗೆದು ಹಾಕ್ತಿದೆ, ಇನ್ನೊಂದು ಕಡೆ ತೂತು ಹಾಗೇ ಬಿಟ್ಟಿದೆ.

ತಂಬಾಕು ಬಿಡಿಸೋ ಕೌನ್ಸಿಲಿಂಗ್ ಬೇಕಾದ್ರೆ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಹೋಗಿ ಅಂತ ಆಮೇಲೆ ನಾನೇ ಕೇಳಿದಾಗ ಹೇಳಿದ್ರು. ಭಟ್ಕಳದಿಂದ ಕಾರವಾರ, ಶಿರಸಿಯಿಂದ ಕಾರವಾರ, ಎರಡೂ ನೂರು ಕಿಲೋಮೀಟರ್ ಮೇಲೆ. ಶಿರಸಿಯವರು ದೇವಿಮನೆ ಘಟ್ಟ ಇಳಿದು ಬರ್ಬೇಕು. ದಿನದ ದುಡಿಮೆ ಬಿಟ್ಟು, ಬಸ್ ಚಾರ್ಜ್ ಹಾಕಿ, ಕೆಮ್ಮೋ ಮನುಷ್ಯ ಬೀಡಿ ಬಿಡೋ ಮಾತು ಕೇಳೋಕೆ ಅಷ್ಟು ದೂರ ಹೋಗ್ತಾನಾ? ಟೀಬಿ ಮಾತ್ರೆ ಕೊಡೋ ಅದೇ ಟೇಬಲ್ಲಲ್ಲಿ, ಅದೇ ಮನುಷ್ಯ, ಹತ್ತು ನಿಮಿಷ ಕೂತು ಮಾತಾಡಿದ್ರೆ ಸಾಕು. ಅದಕ್ಕೆ ತರಬೇತಿ ಕೊಡಿ, ಗಮ್ ಅಲ್ಲೇ ಇಡಿ. ಅವ್ರ ಮೇಲೆ ಈಗಲೇ ರಾಶಿ ಕೆಲಸ ಇದೆ ಅಂತ ಗೊತ್ತು, ಒಬ್ಬ ಸೂಪರ್‌ವೈಸರ್ ಬೈಕಲ್ಲಿ ಊರೂರು ತಿರುಗ್ತಾರೆ, ಅದಕ್ಕೇ ಜನ ಜಾಸ್ತಿ ಕೊಡಿ ಅಂತಿರೋದು.

ಆಸ್ಪತ್ರೆ ಕಾಂಪೌಂಡಿನ ವಿಷಯವೂ ಹೇಳ್ಬೇಕು. ಕಫ ಕೊಡೋ ಜಾಗದ ಆಚೆ ಗೋಡೆ ಪಕ್ಕದಲ್ಲೇ ಪೇಷಂಟ್ ಕಡೆಯವ್ರು ನಿಂತು ಸೇದ್ತಿದ್ರು, ಗೇಟಿನ ಹೊರಗಿನ ಗೂಡಂಗಡಿಯಲ್ಲಿ ಲೈಟರನ್ನ ದಾರ ಕಟ್ಟಿ ನೇತು ಹಾಕಿದ್ರು, ಬಿಡಿ ಬಿಡಿಯಾಗಿ ಸಿಗರೇಟು ಮಾರಾಟ. ಗೋಡೆ ಮೇಲಿನ ಬೋರ್ಡಲ್ಲಿ ಇನ್ನೂ 200 ರೂಪಾಯಿ ದಂಡ ಅಂತಿದೆ. ಅದು 2003ರ ಕೋಟ್ಪಾ ಅನ್ನೋ ತಂಬಾಕು ನಿಯಂತ್ರಣ ಕಾಯ್ದೆಯ ಹಳೇ ಲೆಕ್ಕ, ಕರ್ನಾಟಕದಲ್ಲಿ 2025ರಿಂದ ತಿದ್ದುಪಡಿ ಬಂದು ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ಸಾವಿರದವರೆಗೂ ದಂಡ, 21 ತುಂಬದವರಿಗೆ ತಂಬಾಕು ಮಾರೋ ಹಾಗಿಲ್ಲ, ಹುಕ್ಕಾ ಬಾರ್ ನಡೆಸಿದ್ರೆ ಜೈಲು. ಕಾನೂನು ಗಟ್ಟಿಯಾಗಿದೆ, ಬೋರ್ಡು ಹಳೇದೇ, ದಂಡ ಹಾಕೋ ಮನುಷ್ಯ ನಾನು ಹೋದಾಗ ಒಂದು ಸಲವೂ ಕಾಣ್ಲಿಲ್ಲ. ದಂಡ ಹಾಕಿ ದುಡ್ಡು ಮಾಡಿ ಅಂತ ನಾನು ಹೇಳ್ತಿಲ್ಲ, ಬಡವರ ಜೇಬಿಗೆ ಕೈ ಹಾಕೋದ್ರಲ್ಲಿ ನನಗೆ ಖುಷಿ ಇಲ್ಲ, ಆದ್ರೆ ಶ್ವಾಸಕೋಶದ ರೋಗಿಗಳು ಕೂರೋ ಜಾಗದಲ್ಲಾದ್ರೂ ಹೊಗೆ ನಿಲ್ಲಿಸೋ ಒಬ್ಬ ಸೆಕ್ಯುರಿಟಿ ಇರ್ಬೇಕು ಅಲ್ದಾ.

ನಮಗೆ ಸಹಾಯ ಆಗಿದ್ದು ಬೀಡಿ ಕಟ್ಟಿನ ಮೇಲಿನ ನಂಬರು. ಸೀರಿಯಸ್ಸಾಗಿ ಹೇಳ್ತಿದ್ದೀನಿ. 2018ರಿಂದ ತಂಬಾಕು ಪ್ಯಾಕೆಟ್ ಮೇಲೆಲ್ಲಾ 1800-11-2356 ಅಂತ ಪ್ರಿಂಟ್ ಇರ್ತದೆ, ಬಿಡೋಕೆ ಸಹಾಯ ಮಾಡೋ ರಾಷ್ಟ್ರೀಯ ಕ್ವಿಟ್‌ಲೈನ್, ಟೋಲ್ ಫ್ರೀ. ಅಷ್ಟು ವರ್ಷ ಆ ಕಟ್ಟು ಜೇಬಲ್ಲಿಟ್ಟ ಮಾವನಿಗೆ ಆ ನಂಬರ್ ಎಂತದು ಅಂತ ಯಾರೂ ಹೇಳಿರ್ಲಿಲ್ಲ. ಇದರ ಒಂದು ಸೆಂಟರ್ ಬೆಂಗಳೂರಿನ ನಿಮ್ಹಾನ್ಸಲ್ಲಿದೆ, ಕನ್ನಡದಲ್ಲೇ ಮಾತಾಡ್ತಾರೆ. ಒಮ್ಮೆಗೆ ಲೈನ್ ಸಿಗಲ್ಲ, ಬ್ಯುಸಿ ಬರ್ತದೆ, ಬಿಡ್ಬೇಡಿ. ಸಿಕ್ಕಿದ್ಮೇಲೆ ಆ ಕಡೆಯ ಹೆಣ್ಣುಮಗಳು ಮಾವನಿಗೆ ಒಂದು ಮಾತೂ ಬೈಲಿಲ್ಲ. ಎದ್ದು ಎಷ್ಟು ಹೊತ್ತಿಗೆ ಮೊದಲ ಬೀಡಿ, ಯಾವ ಯಾವಾಗ ಜಾಸ್ತಿ ಬೇಕೆನಿಸುತ್ತೆ, ಮನೇಲಿ ಯಾರಿದ್ದಾರೆ, ಮೊದ್ಲು ಯಾವಾಗಾದ್ರೂ ಬಿಡೋಕೆ ನೋಡಿದ್ರಾ, ಹೀಗೆ ಒಂದೊಂದೇ ಕೇಳಿದ್ರು. ನಸುಕಲ್ಲಿ ಬೋಟಿಗೆ ಹೋಗೋ ಮುಂಚೆ ಚಾ ಜೊತೆ ಸೇದೋದೇ ಬಿಡೋಕಾಗದ್ದು ಅಂತ ಮಾವನ ಬಾಯಿಂದಲೇ ಬಂತು. ಒಂದು ದಿನ ಗೊತ್ತು ಮಾಡ್ಕೊಳ್ಳಿ, ಮನೇಲಿರೋ ಬೀಡಿ ಬೆಂಕಿಪೊಟ್ಟಣ ಎಲ್ಲಾ ಹಿಂದಿನ ರಾತ್ರಿನೇ ತೆಗೆದು ಹಾಕಿ, ಆಸೆ ಬಂದ್ರೆ ಸ್ವಲ್ಪ ಹೊತ್ತು ತಡೀರಿ ನೀರು ಕುಡೀರಿ ಉದ್ದ ಉಸಿರು ಎಳೀರಿ, ಅಷ್ಟರಲ್ಲಿ ಅದು ಇಳೀತದೆ ಅಂದ್ರು, ಆಮೇಲೆ ಅವ್ರೇ ಫೋನ್ ಮಾಡಿ ವಿಚಾರಿಸಿದ್ರು. ಅತ್ತೆ ಮಾವನಿಗೆ ಚಾ ಬದ್ಲು ಗಂಜಿ ಕೊಡೋಕೆ ಶುರು ಮಾಡಿದ್ಲು, ಚಾ ಲೋಟ ಕಂಡ್ರೆ ಕೈ ಜೇಬಿಗೆ ಹೋಗ್ತದೆ ಅಂತ. ಕ್ವಿಟ್‌ಲೈನಿಗೆ ಐದಕ್ಕೆ ನಾಕು, ಒಂದು ಕಮ್ಮಿ ಲೈನ್ ಸಿಗದಿದ್ದಕ್ಕೆ. ಟೀಬಿ ಕಾರ್ಡಿನ ಮೇಲೆ ಈ ನಂಬರು ದೊಡ್ಡದಾಗಿ ಯಾಕೆ ಇಲ್ಲ?

ಪಂಚಾಯಿತಿಗಳ ಮಟ್ಟದಲ್ಲೂ ಇದೇ ಕಥೆ. 2023ರಿಂದ ಕ್ಷಯಮುಕ್ತ ಪಂಚಾಯಿತಿ ಅಂತ ಯೋಜನೆ ಇದೆ, ಸಾವಿರ ಜನಕ್ಕೆ ವರ್ಷಕ್ಕೆ 30 ಜನರಿಗಾದ್ರೂ ಟೆಸ್ಟ್ ಆಗಿರ್ಬೇಕು, ಕೇಸು ಸಾವಿರಕ್ಕೆ ಒಂದು ಅಥವಾ ಅದಕ್ಕಿಂತ ಕಮ್ಮಿ ಇರ್ಬೇಕು, ಚಿಕಿತ್ಸೆ ಸರಿಯಾಗಿ ಮುಗಿದಿರ್ಬೇಕು, ಹೀಗೆ ಲೆಕ್ಕ ನೋಡಿ ಪ್ರಶಸ್ತಿ ಕೊಡ್ತಾರೆ. ಒಳ್ಳೇ ಯೋಜನೆ, ಟೆಸ್ಟ್ ಜಾಸ್ತಿ ಮಾಡಿದ್ರೆ ಮಾತ್ರ ಹೆಸರು ಬರೋ ಹಾಗೆ ಇಟ್ಟಿದ್ದು ಬುದ್ಧಿವಂತಿಕೆ. ಆದ್ರೆ ಆ ಅಳತೆಗಳಲ್ಲಿ ತಂಬಾಕಿನ ಮಾತೇ ಇಲ್ಲ. ತಂಬಾಕು ಮುಕ್ತ ಗ್ರಾಮ ಅಂತ ಬೇರೆ ಫೈಲು, ಬೇರೆ ಮೀಟಿಂಗು, ಬೇರೆ ಬ್ಯಾನರ್. ಆಶಾ ಕಾರ್ಯಕರ್ತೆ ಕೆಮ್ಮು ಕೇಳೋಕೆ ಬಂದಾಗಲೇ ಬೀಡಿಯನ್ನೂ ಕೇಳಿ ಬರ್ಕೊಂಡ್ರೆ, ಸೇದೋರನ್ನ ಲಕ್ಷಣ ಇರ್ಲಿ ಬಿಡ್ಲಿ ಮೊದ್ಲು ಎಕ್ಸ್‌ರೇಗೆ ಕಳಿಸಿದ್ರೆ, ಎರಡೂ ಫೈಲಿನ ಕೆಲಸ ಒಂದೇ ಜಗಲಿಯಲ್ಲಿ ಮುಗೀತದೆ.

ನಮ್ಮ ಬಂದರುಗಳ ಬಗ್ಗೆಯೂ ಯೋಚನೆ ಮಾಡ್ಬೇಕು. ಬೈತಖೋಲ, ತದಡಿ, ಹೊನ್ನಾವರ, ಭಟ್ಕಳ, ಎಲ್ಲಾ ಕಡೆ ಬೋಟಿನ ಸಣ್ಣ ಕ್ಯಾಬಿನ್ನಲ್ಲಿ ಅಷ್ಟೊಂದು ಜನ ಒಟ್ಟಿಗೆ ಮಲಗ್ತಾರೆ, ಅಲ್ಲೇ ಸೇದ್ತಾರೆ, ಅಲ್ಲೇ ಕೆಮ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಊರಿನ ತಾಂಡೇಲರು (ಬೋಟು ನಡೆಸೋರು) ಖಲಾಸಿಗಳು (ಬೋಟಿನ ಕೆಲಸದವರು) ಬಲೆ ಹೊಲೀತಾ ಮನೇಲೇ ಇರ್ತಾರೆ, ಎಕ್ಸ್‌ರೇ ಗಾಡಿ ಕೇರಿಗೆ ತರೋಕೆ ಅದಕ್ಕಿಂತ ಒಳ್ಳೇ ಸಮಯ ಇಲ್ಲ. ಒಡಿಶಾ ಜಾರ್ಖಂಡದಿಂದ ಬರೋ ಹುಡುಗ್ರು ಆ ಹೊತ್ತಿಗೆ ಊರಿಗೆ ಹೋಗಿರ್ತಾರೆ, ಅವ್ರಿಗೆ ಆಗಸ್ಟಲ್ಲಿ ಬೋಟು ಕಡಲಿಗೆ ಇಳಿಯೋ ಮುಂಚೆ ಬಂದರಲ್ಲೇ ಟೆಸ್ಟ್ ಇಡ್ಬೇಕು. ಅವ್ರ ಆರೋಗ್ಯ ಕೇಳೋರೇ ಇಲ್ಲ, ಕೆಮ್ಮಿದ್ರೆ ಮಾಲೀಕ ಕೆಲಸಕ್ಕೆ ಬೇಡ ಅಂತಾನೆ ಅನ್ನೋ ಹೆದರಿಕೆಗೆ ಬಾಯಿ ಮುಚ್ಕೊಂಡಿರ್ತಾರೆ.

ಇನ್ನೊಂದು ಬೇಜಾರು: ಕಾರಿಡಾರಲ್ಲಿ ಎಲ್ಲರ ಎದುರು "ಟೀಬಿಯವರು ಯಾರು, ಈ ಕಡೆ ಬನ್ನಿ" ಅಂತ ಕೂಗೋದು. ಮಾವ ತಲೆ ತಗ್ಗಿಸಿ ಕೂತೇ ಇದ್ದ, ಏಳ್ಲಿಲ್ಲ. ಟೋಕನ್ ನಂಬರ್ ಕರೆದ್ರೆ ಆಗ್ತದಲ್ಲ. ಮಾತ್ರೆ ಸರಿಯಾಗಿ ತಗೊಂಡ್ರೆ ಕೆಲವು ವಾರದಲ್ಲಿ ಹರಡೋದು ಬಹಳ ಕಮ್ಮಿ ಆಗ್ತದೆ ಅನ್ನೋದು ಜನಕ್ಕೆ ಗೊತ್ತಿಲ್ಲ, ತಟ್ಟೆ ಲೋಟ ಬೇರೆ ಇಡ್ತಾರೆ, ತಟ್ಟೆಯಿಂದ ಟೀಬಿ ಬರಲ್ಲ, ಗಾಳಿಯಿಂದ ಬರೋದು.

ಹೋಗೋರಿಗೆ: ಬೆಳಿಗ್ಗೆ ಬೇಗ ಹೋಗಿ, ಮಾಸ್ಕ್ ಹಾಕ್ಕೊಳ್ಳಿ, ಆಧಾರ್ ಮತ್ತು ಪಾಸ್‌ಬುಕ್ ತಗೊಂಡು ಹೋಗಿ, ಹೋಗೋ ಮೊದ್ಲೇ ಬ್ಯಾಂಕಲ್ಲಿ ಆಧಾರ್ ಲಿಂಕ್ ಆಗಿದ್ಯಾ ನೋಡಿ. ಕಫ ನೆಗೆಟಿವ್ ಬಂದೂ ಕೆಮ್ಮು ಜ್ವರ ನಿಲ್ಲದಿದ್ರೆ ಮತ್ತೆ ಡಾಕ್ಟ್ರ ಹತ್ರ ಹೋಗಿ, ಅಲ್ಲಿಗೇ ಬಿಡ್ಬೇಡಿ. ಟೀಬಿ ಬಗ್ಗೆ ಏನೇ ಕೇಳೋಕಿದ್ರೂ 1800-11-6666, ಇದೂ ಫ್ರೀ.

ಮಾವನಿಗೆ ಎರಡು ತಿಂಗಳ ಮೇಲೆ ಮಾಡಿದ ಕಫ ಪರೀಕ್ಷೆ ನೆಗೆಟಿವ್ ಬಂದಿದೆ, ತೂಕ ಏರಿದೆ, ಬೀಡಿ ಪೂರ್ತಿ ಬಿಟ್ಟಿದ್ದಾನೆ ಅಂತ ಹೇಳೋಕೆ ಇನ್ನೂ ಆಗಲ್ಲ, ಬೋಟಿಗೆ ವಾಪಸ್ ಹೋದ್ಮೇಲೆ ಗೊತ್ತಾಗ್ಬೇಕು. ಮಾತ್ರೆ ಕೋರ್ಸ್ ಮುಗಿದ ಮೇಲೆ ಇಲ್ಲೇ ಅಪ್‌ಡೇಟ್ ಹಾಕ್ತೀನಿ. ಅಷ್ಟರಲ್ಲಿ ಯಾರಾದ್ರೂ ನಿಮ್ಮ ತಾಲೂಕಿನ ಆಸ್ಪತ್ರೆಯಲ್ಲಿ ಬೀಡಿ ಬಿಡಿಸೋಕೆ ಟೀಬಿ ಟೇಬಲ್ಲಲ್ಲೇ ಸರಿಯಾಗಿ ಸಹಾಯ ಮಾಡಿದ್ರು ಅಂತಿದ್ರೆ ದಯವಿಟ್ಟು ಬರೀರಿ, ಹೇಗೆ ಮಾಡ್ತಿದ್ದಾರೆ ಅಂತ ನಮ್ಮ ಆಸ್ಪತ್ರೆಯವರಿಗೆ ತೋರಿಸ್ತೀನಿ.